ಶರೀಫರನ್ನು ಹಾಡಿದ್ದಾಯಿತು, ಮುಂದೆ?

(ವಿಡಿಯೋದಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳೂ ಇವೆ.)

 

ಇವತ್ತಿನ ಪ್ರಶ್ನೆ ತುಂಬಾ ಸರಳ. ನಿಮ್ಮ ಫೇವರಿಟ್ ಕನ್ನಡ ಬ್ಯಾಂಡ್ ಯಾವುದು? ಫೇವರಿಟ್ ಆಲ್ಬಮ್ ಯಾವುದು? ಒಂದೇ ಷರತ್ತು, ಸಿನಿಮಾ ಹಾಡು ಲೆಕ್ಕಕ್ಕಿಲ್ಲ. ಈ ಪ್ರಶ್ನೆಯನ್ನ ಇಲ್ಲಿನ ಕನ್ನಡದ ಗೆಳೆಯರ ಮಧ್ಯೆ ಎಸೆದರೆ ಏನಾಗುತ್ತೆ ಅಂತ ನಾನು ಸುಮಾರು ಸಲ ನೋಡಿದ್ದೀನಿ. ಮೊದಲು ಎಲ್ಲರೂ ಒಟ್ಟಿಗೆ ರಘು ದೀಕ್ಷಿತ್ ಅಂತಾರೆ. ಆಮೇಲೆ ಒಬ್ಬರೋ ಇಬ್ಬರೋ ಸ್ವರಾತ್ಮ ಅಂತಾರೆ. ಮೂರನೇ ಹೆಸರಿಗೆ ಬಂದಾಗ ಒಂದು ಸಣ್ಣ ಮೌನ. ಅಷ್ಟರಲ್ಲಿ ಯಾರೋ ರೇಡಿಯೋಹೆಡ್ ಅಂತಾರೆ, ಇನ್ಯಾರೋ ಅವಿಯಲ್ ಅಂತಾರೆ, ಮಾತು ಬೇರೆ ಕಡೆ ಹೊರಟುಹೋಗುತ್ತೆ.

ನನಗೆ ಆ ಮೌನದ ಬಗ್ಗೆ ಮಾತಾಡಬೇಕು.

ಮೊದಲು "ಆಲ್ಟರ್ನೇಟಿವ್" ಅನ್ನೋ ಪದ. ಅಮೆರಿಕದಲ್ಲಿ ಇದಕ್ಕೊಂದು ಖಚಿತ ಅರ್ಥ ಇತ್ತು. ರೇಡಿಯೋದಲ್ಲಿ ಓಡುತ್ತಿದ್ದ ದೊಡ್ಡ ದೊಡ್ಡ ರಾಕ್ ಬ್ಯಾಂಡ್‌ಗಳಿಗೆ ಎದುರಾಗಿ ಕಾಲೇಜು ರೇಡಿಯೋಗಳಲ್ಲಿ ಬೆಳೆದ ಸಂಗೀತ ಅದು. 1991ರಲ್ಲಿ ನಿರ್ವಾಣದ ನೆವರ್‌ಮೈಂಡ್ ಬಂದ ಮೇಲೆ ಅದೇ ಮೇನ್‌ಸ್ಟ್ರೀಮ್ ಆಗಿಬಿಡ್ತು, ಆ ಕಥೆ ಎಲ್ಲರಿಗೂ ಗೊತ್ತು. ಎಂಟೆಕ್ ಹಾಸ್ಟೆಲ್‌ನಲ್ಲಿ ಹಾರ್ಡ್‌ಡಿಸ್ಕಿಂದ ಹಾರ್ಡ್‌ಡಿಸ್ಕಿಗೆ ಕಾಪಿ ಆಗುತ್ತಿದ್ದ ಪರ್ಲ್ ಜಾಮ್, ರೇಡಿಯೋಹೆಡ್ ಫೋಲ್ಡರ್‌ಗಳೇ ನನ್ನ ಪೀಳಿಗೆಯವರಿಗೆ ಆಲ್ಟರ್ನೇಟಿವ್ ಸಂಗೀತದ ಸಿಲಬಸ್. ಆದರೆ ನಮ್ಮ ಕಡೆ ಮೇನ್‌ಸ್ಟ್ರೀಮ್ ಅಂದ್ರೆ ರಾಕ್ ಅಲ್ಲ, ಸಿನಿಮಾ. ಹಾಗಾಗಿ ಕನ್ನಡದಲ್ಲಿ ಆಲ್ಟರ್ನೇಟಿವ್ ಅಂದ್ರೆ ಸಿನಿಮಾಕ್ಕೆ ಪರ್ಯಾಯ. ಹೀರೋ ಇಂಟ್ರೊಡಕ್ಷನ್ ಇಲ್ಲದೆ, ಸಿಚುಯೇಷನ್ ಇಲ್ಲದೆ, ಒಬ್ಬ ಮನುಷ್ಯ ತನ್ನ ಮಾತನ್ನ ತಾನೇ ಹಾಡೋದು. ನಾನು ಈ ಅರ್ಥದಲ್ಲೇ ಮುಂದೆ ಮಾತಾಡ್ತೀನಿ.

ಬೆಂಗಳೂರನ್ನ ಭಾರತದ ರಾಕ್ ರಾಜಧಾನಿ ಅಂತ ಕರೆಯೋದು ಸುಮ್ಮನೆ ಅಲ್ಲ. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್ ಅರಮನೆ ಮೈದಾನಕ್ಕೆ ಬಂದಿತ್ತು, 2011ರಲ್ಲಿ ಮೆಟಾಲಿಕಾ. ಅದಕ್ಕೂ ಮೊದಲು ರೋಜರ್ ವಾಟರ್ಸ್, ರೋಲಿಂಗ್ ಸ್ಟೋನ್ಸ್, ಮಾರ್ಕ್ ನಾಫ್ಲರ್. ದೇಶದ ಬೇರೆ ಬೇರೆ ಊರಿಂದ ರೈಲು ಹತ್ತಿ ಬಂದವರಿದ್ದರು. ಲೋಕಲ್ ಬ್ಯಾಂಡ್‌ಗಳಿಗೂ ಕೊರತೆ ಇರಲಿಲ್ಲ. ಥರ್ಮಲ್ ಅಂಡ್ ಎ ಕ್ವಾರ್ಟರ್ 1996ರಿಂದ ನುಡಿಸ್ತಾ ಇದೆ. ಕ್ರಿಪ್ಟೋಸ್ ಅನ್ನೋ ಮೆಟಲ್ ಬ್ಯಾಂಡು ಯೂರೋಪಿನ ಫೆಸ್ಟಿವಲ್‌ಗಳವರೆಗೂ ಹೋಗಿಬಂದಿದೆ. ಆದರೆ ಇವರ ಭಾಷೆ ಇಂಗ್ಲಿಷು. ಥರ್ಮಲ್‌ನವರು 2012ರಲ್ಲಿ ಆಟೋರಿಕ್ಷಾ ಮತ್ತು ಬೆಂಗಳೂರನ್ನ ಹಿಡಿದುಕೊಂಡು ಮೂರು ಸೀಡಿಗಳ ಒಂದು ದೊಡ್ಡ ಆಲ್ಬಮ್ಮೇ ಮಾಡಿದರು. ಅದರಲ್ಲಿ "ಮೀಟರ್ ಮೇಲೆ ಒನ್ ಅಂಡ್ ಹಾಫ್" ಅನ್ನೋ ಹೆಸರಿನ ಹಾಡೂ ಇದೆ. ಬೆಂಗಳೂರಿನ ಬದುಕನ್ನ ಇಷ್ಟು ಹತ್ತಿರದಿಂದ ನೋಡಿದ ಬ್ಯಾಂಡ್ ಹಾಡುಗಳು ಕಡಿಮೆ. ಅದರಲ್ಲಿ ಕನ್ನಡ ಎಷ್ಟಿದೆ ಅಂದ್ರೆ, ಆ "ಮೇಲೆ"ಯಷ್ಟು.

ಇದು ದೂರು ಅಲ್ಲ. ಬ್ರೂಸ್ ಲೀ ಮಣಿ ಗಿಟಾರ್ ಹಿಡಿದರೆ ಭಾಷೆ ನನಗೆ ಮುಖ್ಯ ಆಗೋದಿಲ್ಲ. ಆದರೆ ಹಿನ್ನೆಲೆ ತಿಳಿದಿರಲಿ. ದೇಶದ ರಾಕ್ ರಾಜಧಾನಿಯಲ್ಲಿ, ಆ ನಾಡಿನ ಭಾಷೆಯ ರಾಕ್‌ಗೆ ವೇದಿಕೆ ತಡವಾಗಿ ಸಿಕ್ಕಿತು.

ಅಲ್ಲಿಂದ ರಘು ದೀಕ್ಷಿತ್ ಹತ್ರ ಬರೋಣ. ಮೈಸೂರಿನ ಹುಡುಗ, ಮೈಕ್ರೋಬಯಾಲಜಿಯಲ್ಲಿ ಎಂಎಸ್ಸಿ, ಭರತನಾಟ್ಯ ಕಲಿತವರು. ಗಿಟಾರ್ ಅವರ ಕೈಗೆ ಬಂದದ್ದು ತಡವಾಗಿ. ಅಂತರಾಗ್ನಿ ಅಂತ ಬ್ಯಾಂಡ್ ಕಟ್ಟಿದರು, ಅದು ಒಡೆಯಿತು, ಆಮೇಲೆ "ಪ್ರಾಜೆಕ್ಟ್" ಅಂತ ಹೆಸರಿಟ್ಟು ಬಂದವರು ಬರಲಿ, ಹೋದವರು ಹೋಗಲಿ ಅಂತ ಶುರು ಮಾಡಿದರು. ನಮ್ಮ ಐಟಿಯವರಿಗೆ ಈ ಮಾಡೆಲ್ ಚೆನ್ನಾಗಿ ಅರ್ಥ ಆಗುತ್ತೆ. ಮೊದಲ ಆಲ್ಬಮ್ 2008ರಲ್ಲಿ ಬಂತು. ಹೊರತಂದದ್ದು ವಿಶಾಲ್-ಶೇಖರ್ ಜೋಡಿಯ ಲೇಬಲ್ಲು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲಂಡ್ ಶೋ, 2011ರಲ್ಲಿ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸ ಪ್ರತಿಭೆ ಪ್ರಶಸ್ತಿ. ಲಂಡನ್ನಲ್ಲಿ, ಗ್ಲಾಸ್ಟನ್‌ಬರಿಯಲ್ಲಿ ಪಂಚೆ ಉಟ್ಟು, ಗೆಜ್ಜೆ ಕಟ್ಟಿ ಕನ್ನಡ ಹಾಡಿದ್ದನ್ನ ಯೂಟ್ಯೂಬಲ್ಲಿ ನೋಡಿದಾಗ ಪರ ಊರಲ್ಲಿ ಕೂತ ನಮಗೆ ಏನಾಯ್ತು ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಆ ಆಲ್ಬಮ್ಮಲ್ಲಿ ಹಿಂದಿ ಇದೆ, ಇಂಗ್ಲಿಷ್ ಇದೆ, ಕನ್ನಡವೂ ಇದೆ. ಕನ್ನಡ ಅಂದ್ರೆ ಅಲ್ಲಿ ಮುಖ್ಯವಾಗಿ ಶಿಶುನಾಳ ಶರೀಫರು. ಗುಡಗುಡಿ ಸೇದುವ ಹಾಡು, ಮನೆಯ ಮಾಳಿಗೆ ಸೋರುವ ಹಾಡು. ಎರಡೂ ನಮಗೆ ಸಿ. ಅಶ್ವಥ್ ದನಿಯಲ್ಲಿ ಮೊದಲೇ ಗೊತ್ತಿದ್ದವು. 1990ರ "ಸಂತ ಶಿಶುನಾಳ ಶರೀಫ" ಸಿನಿಮಾ, ನಾಗಾಭರಣರ ನಿರ್ದೇಶನ, ಅಶ್ವಥ್ ಸಂಗೀತ. ಆ ದನಿ ಕಿವಿಯಲ್ಲಿ ಇಳಿದವರಿಗೆ ಇನ್ನೊಬ್ಬರು ಶರೀಫರನ್ನ ಹಾಡಿದರೆ ಸಪ್ಪೆ ಅನಿಸೋ ಸಂಭವವೇ ಹೆಚ್ಚು. ಅಶ್ವಥ್ ಶರೀಫರನ್ನ ಹಾಡೋವಾಗ ಗಂಟಲು ಹರಿದುಕೊಂಡು, ಎದುರಿಗೆ ನಿಂತವನ ಭುಜ ಹಿಡಿದು ಅಲ್ಲಾಡಿಸಿದಂತೆ ಹಾಡ್ತಾರೆ. ರಘು ಹಾಗಲ್ಲ. ಗುಡಗುಡಿ ಹಾಡನ್ನ ಅವರು ಕುಣಿತ ಮಾಡಿದರು. ಗಿಟಾರ್ ಸ್ಟ್ರಮ್ಮಿಂಗ್ ತಾಳವನ್ನ ಹೊತ್ತುಕೊಂಡು ಓಡುತ್ತೆ, ಪಿಟೀಲು ಅದರ ಹಿಂದೆ ಓಡುತ್ತೆ, ಮಾತಿನ ಅರ್ಥ ಗೊತ್ತಿಲ್ಲದವನೂ ಕುಣೀತಾನೆ. ಮಾಳಿಗೆ ಹಾಡಿಗೆ ಬಂದರೆ ಅದೇ ಮನುಷ್ಯ ವೇಗ ಇಳಿಸಿ, ಪದ ಪದ ಬಿಡಿಸಿ, ಸೋರ್ತಾ ಇರೋದು ಹೆಂಚಿನ ಮನೆ ಮಾತ್ರ ಅಲ್ಲ ಅನ್ನೋದನ್ನ ಕೇಳೋರಿಗೆ ಬಿಟ್ಟುಕೊಡ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ಎರಡನೆಯದೇ ಆ ಆಲ್ಬಮ್ಮಿನ ನಿಜವಾದ ಸಾಧನೆ. ಹಿಟ್ ಆದದ್ದು ಮೊದಲನೆಯದು, ಅದು ಸಹಜ.

2013ರಲ್ಲಿ ಬಂದ ಎರಡನೇ ಆಲ್ಬಮ್ "ಜಗ್ ಚಂಗಾ"ದಲ್ಲೂ ಶರೀಫರು ಇದ್ದಾರೆ. ಲೋಕದ ಕಾಳಜಿಯ ಹಾಡು, ನಿಮಗೆಲ್ಲ ಗೊತ್ತು. ಸೌಂಡ್ ಇನ್ನೂ ದೊಡ್ಡದಾಯ್ತು. ಕೆಲವರಿಗೆ ಇದೇ ಹೆಚ್ಚು ಇಷ್ಟ. ನನಗೆ ಮೊದಲನೆಯದರ ಹಸಿವು ಇದರಲ್ಲಿ ಕಾಣಲಿಲ್ಲ. ಜಗಳಕ್ಕೆ ಬರೋರು ಕಾಮೆಂಟಲ್ಲಿ ಬನ್ನಿ.

ಸ್ವರಾತ್ಮ ಇನ್ನೊಂದು ರೀತಿ. ವಾಸು ದೀಕ್ಷಿತ್ ಕೂಡ ಮೈಸೂರಿನವರೇ. ಸ್ಟೇಜ್ ಮೇಲೆ ಕೀಲುಕುದುರೆ ಕಟ್ಟಿಕೊಂಡು ಕುಣಿಯೋ ಬ್ಯಾಂಡ್. 2009ರಲ್ಲಿ ಬಂದ ಮೊದಲ ಆಲ್ಬಮ್ಮಲ್ಲಿ "ಈ ಭೂಮಿ" ಅಂತ ಒಂದು ಕನ್ನಡ ಹಾಡಿದೆ. ಉಳಿದದ್ದರಲ್ಲಿ ಹಿಂದಿಯದೇ ಜೋರು. 2012ರ "ಟೋಪಿವಾಲೆ" ರಾಜಕಾರಣಿಗಳನ್ನ ಗೇಲಿ ಮಾಡುವ ಹಾಡಿನ ಹೆಸರನ್ನೇ ಹೊತ್ತ ಆಲ್ಬಮ್. ಒಳ್ಳೇ ವ್ಯಂಗ್ಯ, ಒಳ್ಳೇ ಬೀಟು. ಇದೇ ವ್ಯಂಗ್ಯ ಕನ್ನಡದಲ್ಲಿ ಇದ್ದಿದ್ದರೆ ಅಂತ ಪ್ರತಿ ಸಲ ಅನಿಸುತ್ತೆ. ಬ್ಯಾಂಡಿನಲ್ಲಿ ಬೇರೆ ಬೇರೆ ಊರಿನವರಿದ್ದಾರೆ, ಕೇಳುಗರು ದೇಶದ ತುಂಬಾ ಇದ್ದಾರೆ, ಶೋಗಳು ದೆಹಲಿಯಲ್ಲೂ ಸಿಗಬೇಕು, ಮುಂಬೈಯಲ್ಲೂ ಸಿಗಬೇಕು. ಅವರ ಲೆಕ್ಕ ಅವರಿಗೆ.

ಇನ್ನೂ ಒಂದು ಬೆಂಗಳೂರಿನ ಬ್ಯಾಂಡ್ ಇದೆ, ಅಗಂ. 2003ರಲ್ಲಿ ಶುರುವಾದ್ದು, ಅದರಲ್ಲಿ ಇದ್ದವರು ಬಹುಪಾಲು ನಮ್ಮ ಹಾಗೆ ಸಾಫ್ಟ್‌ವೇರ್‌ನವರು. ಗಾಯಕ ಹರೀಶ್ ಶಿವರಾಮಕೃಷ್ಣನ್ ಹಗಲು ಟೆಕ್ ಕಂಪನಿ ಕೆಲಸ, ವೀಕೆಂಡಿಗೆ ತ್ಯಾಗರಾಜರು. ಪ್ರೋಗ್ರೆಸಿವ್ ರಾಕ್ ಮೇಲೆ ಕರ್ನಾಟಕ ಸಂಗೀತ. ಚೆನ್ನೈನ ಮಾಮಿಯರಿಂದ ಹಿಡಿದು ಕೊಚ್ಚಿಯ ಕಾಲೇಜು ಹುಡುಗರವರೆಗೂ ಅಭಿಮಾನಿಗಳು. ತಮಿಳು, ಮಲಯಾಳಂ, ತೆಲುಗು ಕೀರ್ತನೆ ಎಲ್ಲ ಸಿಗುತ್ತೆ. ಊರು ಮಾತ್ರ ನಮ್ಮದು.

ಈಗ ಪಕ್ಕದ ಮಲಯಾಳದವರನ್ನ ನೋಡಿ. ನಮ್ಮ ರಘು ಆಲ್ಬಮ್ ಬಂದ ಅದೇ 2008ರಲ್ಲಿ ಅವಿಯಲ್ ಬ್ಯಾಂಡಿನ ಆಲ್ಬಮ್ ಬಂತು. ಅದರಲ್ಲಿ ಹಳೇ ನಾಟನ್ ಪಾಟ್ಟೂ ಇದೆ, ಹೊಸದಾಗಿ ಬರೆದದ್ದೂ ಇದೆ. ಆದರೆ ಇಡೀ ಆಲ್ಬಮ್ ಮಲಯಾಳಂ. ಹಿಂದಿಯ ಒಂದು ಹಾಡು ಹಾಕಿದರೆ ಮಾರ್ಕೆಟ್ ಸಿಗುತ್ತೆ ಅನ್ನೋ ಹೆದರಿಕೆ ಕಾಣೋದಿಲ್ಲ. ಭಾಷೆ ಬಾರದ ನನ್ನಂಥ ಸಾವಿರಾರು ಜನ ಅದನ್ನ ಬಾಯಿಪಾಠ ಮಾಡಿದ್ದೀವಿ. ಅಂದಮೇಲೆ "ಕನ್ನಡದಲ್ಲಿ ಮಾತ್ರ ಹಾಡಿದರೆ ಯಾರು ಕೇಳ್ತಾರೆ" ಅನ್ನೋ ಮಾತಿಗೆ ಅವಿಯಲ್ ಒಂದು ಉತ್ತರ.

ಅದಕ್ಕಿಂತ ದೊಡ್ಡ ಉತ್ತರ ನಾನಿರೋ ಊರಿಂದಲೇ ಬಂತು. ಅದಕ್ಕೇ ಈ ಮಾತನ್ನ ಮಾಧವರಂನಿಂದ ಆಡ್ತಿರೋದು.

ಮಾಧವರಂ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಚೆನ್ನೈ ಐಟಿ ಅಂದ್ರೆ ಎಲ್ಲರಿಗೂ ದಕ್ಷಿಣದ ಓಎಂಆರ್ ನೆನಪಾಗುತ್ತೆ. ಇದು ಉತ್ತರ. ಹಾಲಿನ ಡೈರಿ, ಲಾರಿಗಳು, ಗೋಡೌನುಗಳು, ಆಂಧ್ರದ ಕಡೆ ಬಸ್ಸು ಹೊರಡೋ ನಿಲ್ದಾಣ, ರೆಟ್ಟೇರಿ ಕೆರೆ. ಇಲ್ಲಿಂದ ಸಿಪ್ಕಾಟ್‌ಗೆ ಒಂದು, ಶೋಲಿಂಗನಲ್ಲೂರಿಗೆ ಒಂದು, ಹೀಗೆ ಎರಡು ಮೆಟ್ರೋ ದಾರಿ. ಅವೆರಡೂ ಓಡಿದ ಮೇಲೆ ಬಾಡಿಗೆ ಏರುತ್ತೆ, ಆ ವಿಷಯ ಬೇರೆ ದಿನ. ಇಲ್ಲಿಂದ ಮೂಲಕಡೈ ದಾಟಿ ತೆಂಕಕ್ಕೆ ಹೋದರೆ ವ್ಯಾಸರ್ಪಾಡಿ, ಪುಳಿಯಂತೋಪು. ಪಾ. ರಂಜಿತ್ 2014ರ "ಮದ್ರಾಸ್" ಸಿನಿಮಾದಲ್ಲಿ ತೋರಿಸಿದ್ದು ಆ ವ್ಯಾಸರ್ಪಾಡಿ. ಗಾನಾ ಹಾಡು ಹುಟ್ಟಿ ಬೆಳೆದ ಪ್ರದೇಶ ಇದು.

ಗಾನಾ ಅಂದ್ರೆ ಉತ್ತರ ಚೆನ್ನೈನ ದುಡಿಯುವ ಜನರ, ಹೆಚ್ಚಾಗಿ ದಲಿತ ಕೇರಿಗಳ ಹಾಡು. ಸಾವಿನ ಮನೆಯಲ್ಲಿ ರಾತ್ರಿಯೆಲ್ಲ ಕೂತು ಸತ್ತವನ ಬದುಕನ್ನ ಹಾಡೋದು ಅದರ ಒಂದು ಮುಖ್ಯ ರೂಪ. ಕೈಗೆ ಸಿಕ್ಕಿದ್ದೇ ವಾದ್ಯ. ಸಿನಿಮಾ ಇದನ್ನ ಬಹಳ ಹಿಂದೆಯೇ ಎತ್ತಿಕೊಂಡಿತು. ತೊಂಬತ್ತರ ದಶಕದಲ್ಲಿ ದೇವಾ ಸಂಗೀತದಲ್ಲಿ ಗಾನಾ ಎಲ್ಲ ಕಡೆ ಕೇಳಿಸ್ತು, 2012ರ "ಅಟ್ಟಕತ್ತಿ"ಯಲ್ಲಿ ಗಾನಾ ಬಾಲಾ ದನಿ ಮನೆಮಾತಾಯ್ತು. ಸಿನಿಮಾದಲ್ಲಿ ಬಹಳ ಸಲ ಅದು ಕುಡುಕನ ಹಾಡೋ, ತಮಾಷೆಯ ಹಾಡೋ ಆಗಿ ಬರ್ತಿತ್ತು.

2017ರ ಕೊನೆಗೆ ರಂಜಿತ್ ಅವರ ನೀಲಂ ಸಾಂಸ್ಕೃತಿಕ ಕೇಂದ್ರ ಮತ್ತು ಸಂಗೀತಗಾರ ಟೆನ್ಮಾ ಸೇರಿ ಗಾನಾ ಹಾಡುಗಾರರನ್ನ, ರ‍್ಯಾಪರ್‌ಗಳನ್ನ, ಗಿಟಾರ್-ಡ್ರಮ್ಸ್‌ನವರನ್ನ ಒಂದೇ ಬ್ಯಾಂಡಿಗೆ ತಂದರು. ಹೆಸರು ದಿ ಕಾಸ್ಟ್‌ಲೆಸ್ ಕಲೆಕ್ಟಿವ್. ಹೆಸರಿನ ಮೂಲ ಅಯೋತಿದಾಸ ಪಂಡಿತರ ಜಾತಿಯಿಲ್ಲದ ತಮಿಳರು ಅನ್ನೋ ಕಲ್ಪನೆ. 2018ರ ಜನವರಿ 6ರಂದು ಕೀಳ್ಪಾಕಂನ ಒಂದು ಶಾಲಾ ಮೈದಾನದಲ್ಲಿ ಮೊದಲ ಶೋ. ಸ್ಟೇಜ್ ಮೇಲೆ 19 ಜನ, ಕೆಳಗೆ ಸಾವಿರಾರು ಜನ. ಪರೈ ಒಂದು ಕಡೆ, ಎಲೆಕ್ಟ್ರಿಕ್ ಗಿಟಾರ್ ಇನ್ನೊಂದು ಕಡೆ. ಮೀಸಲಾತಿ ಬಗ್ಗೆ ಒಂದು ಹಾಡು, ದನದ ಮಾಂಸದ ಬಗ್ಗೆ ಒಂದು ಹಾಡು. ರಾಯಪುರಂನ ಇಸೈವಾಣಿ ಆ ತಂಡದ ಗಾಯಕಿ. ಗಂಡಸರದ್ದೇ ಆಗಿದ್ದ ಗಾನಾದಲ್ಲಿ ನಿಂತ ಅವರ ಹೆಸರು 2020ರ ಬಿಬಿಸಿಯ ನೂರು ಮಹಿಳೆಯರ ಪಟ್ಟಿಗೆ ಬಂತು. ರ‍್ಯಾಪರ್ ಅರಿವು 2021ರಲ್ಲಿ ಧೀ ಜೊತೆ ಮಾಡಿದ "ಎಂಜಾಯ್ ಎಂಜಾಮಿ" ನೀವೂ ಕುಣಿದಿದ್ದೀರಿ, ನಿಮ್ಮ ಮಕ್ಕಳೂ ಕುಣಿದಿದ್ದಾರೆ. ಶ್ರೀಲಂಕಾದ ಟೀ ತೋಟದಲ್ಲಿ ದುಡಿದ ಅಜ್ಜಿಯ ಕಥೆ ಅದರೊಳಗಿದೆ. (ಅದೇ ವರ್ಷ ರೋಲಿಂಗ್ ಸ್ಟೋನ್ ಇಂಡಿಯಾದ ಮುಖಪುಟದಲ್ಲಿ ಅರಿವು ಕಾಣಲಿಲ್ಲ, ರಂಜಿತ್ ಬಹಿರಂಗವಾಗಿ ಕೇಳಿದ ಮೇಲೆ ದೊಡ್ಡ ಚರ್ಚೆ ಆಯ್ತು. ಪರ್ಯಾಯದೊಳಗೂ ಯಾರು ಫೋಟೋದಲ್ಲಿ ಬರ್ತಾರೆ ಅನ್ನೋ ಜಗಳ ಇದ್ದೇ ಇದೆ.)

ಮೀಸಲಾತಿ ಹಾಡನ್ನ ನಾನು ಒಮ್ಮೆ ಗೆಳೆಯರ ಕಾರಲ್ಲಿ ಹಾಕಿದ್ದೆ. ತಮಿಳು ಅರ್ಥ ಆಗೋ ಕನ್ನಡಿಗರು, ನಾಲ್ಕು ಜನ. ಒಬ್ಬ ವಾಲ್ಯೂಮ್ ಕಮ್ಮಿ ಮಾಡಿದ. ಇನ್ನೊಬ್ಬ ಜಾಸ್ತಿ ಮಾಡಿದ. ಆ ಸಂಜೆ ಕಾರಲ್ಲಿ ಆದ ಮಾತುಕತೆ ನಾವು ಐದು ವರ್ಷದ ಪರಿಚಯದಲ್ಲಿ ಒಂದು ಸಲವೂ ಆಡಿರಲಿಲ್ಲ. ಯಾರು ಯಾವ ಸೀಟಲ್ಲಿ ಇಂಜಿನಿಯರಿಂಗ್ ಸೇರಿದ್ರು, ಯಾರ ಮನೆಯಲ್ಲಿ ಯಾರಿಗೆ ಬೇರೆ ಲೋಟ, ಎಲ್ಲ ಬಂತು. ಮೂರು ನಿಮಿಷದ ಹಾಡು ಇಷ್ಟು ಮಾಡ್ತು. ಲೋಕದ ಕಾಳಜಿ ಹಾಡಿಗೆ ಅದೇ ಕಾರಲ್ಲಿ ನಾವು ಎಷ್ಟು ಸಲ ಕೂಗಿ ಹಾಡಿಲ್ಲ? ಖುಷಿಯಾಗಿದ್ದೀವಿ, ಇಳಿದು ಮನೆಗೆ ಹೋಗಿದ್ದೀವಿ.

ಇಲ್ಲೇ ನನ್ನ ವಾದ. ಶರೀಫರ ಹಾಡು ಕಡಿಮೆ ಅಂತ ಅಲ್ಲ. ಶರೀಫರನ್ನ ನಾವು ಯಾವ ಥರ ಬಳಸಿದ್ವಿ ಅನ್ನೋದು. ಕೋಡ್ ಬರೆಯೋರಿಗೆ ಹೇಳಬೇಕಂದ್ರೆ, ಶರೀಫರನ್ನ ಒಂದು ಲೈಬ್ರರಿ ಥರ ಇಂಪೋರ್ಟ್ ಮಾಡಿಕೊಂಡ್ವಿ. ಚೆನ್ನಾಗಿ ಟೆಸ್ಟ್ ಆಗಿರೋ, ಎಲ್ಲ ಪ್ಲಾಟ್‌ಫಾರ್ಮಲ್ಲೂ ಓಡೋ ಲೈಬ್ರರಿ. ಅದರ ಮೇಲೆ ಒಳ್ಳೇ ಇಂಟರ್‌ಫೇಸ್ ಕಟ್ಟಿದ್ವಿ. ನಮ್ಮದೇ ಲಾಜಿಕ್ ಬರೆಯೋದು ಹಾಗೇ ಉಳೀತು.

ಶರೀಫರು ಬದುಕಿದ್ದು 1819ರಿಂದ 1889. ಶಿಗ್ಗಾವಿ ಕಡೆಯ ಮುಸ್ಲಿಂ ಮನೆಯ ಹುಡುಗ, ಕಳಸದ ಗೋವಿಂದ ಭಟ್ಟರ ಶಿಷ್ಯ. ಅವರ ಪದಗಳಲ್ಲಿ ಬರೋದು ಏನು ನೋಡಿ: ಮನೆ ಮಾಳಿಗೆ, ಗುಡಗುಡಿ, ಕೋಳಿ, ಮಂಗ, ಬೀಸುವ ಕಲ್ಲು. ಅವರ ಕಾಲದಲ್ಲಿ ಗಿರಣಿ ಬಂತು. ಆ ಸೀಮೆಗೆ ಅದು ಹೊಸ ಟೆಕ್ನಾಲಜಿ. ಶರೀಫರು ಗಿರಣಿಯನ್ನ ನೋಡಿ ಗಿರಣಿಯ ಮೇಲೇ ಪದ ಕಟ್ಟಿದರು, ಅದರ ಚಕ್ರದಲ್ಲಿ ತತ್ವ ಕಂಡರು. ಇನ್ನೂರು ವರ್ಷ ಹಿಂದಿನ ಪದ ಹುಡುಕಿಕೊಂಡು ಕೂರಲಿಲ್ಲ. ಮನೆ ಪಕ್ಕದ ಮಷೀನನ್ನ, ಮನೆಯವರು ಆಡೋ ಧಾರವಾಡ ಸೀಮೆಯ ಮಾತಲ್ಲಿ ಹಾಡಿದರು. ಈ ಲೆಕ್ಕದಲ್ಲಿ ನೋಡಿದರೆ ನಾವು ಶರೀಫರ ಹಾಡು ಹಾಡಿದ್ವಿ, ಉತ್ತರ ಚೆನ್ನೈನ ಹುಡುಗರು ಶರೀಫರು ಮಾಡಿದ ಕೆಲಸ ಮಾಡಿದರು.

ನಮ್ಮ ಗಿರಣಿ ಯಾವುದು? ಬೆಳಗಿನ ಸ್ಟ್ಯಾಂಡಪ್ ಕಾಲ್, ಬೆಂಚ್ ಮೇಲೆ ಕೂತ ಮೂರು ತಿಂಗಳು, ಆನ್‌ಸೈಟ್ ಕನಸು, ವೀಸಾ ಸ್ಟಾಂಪಿಂಗು, ಪಿಜಿಯ ಟೊಮೆಟೊ ಬಾತು, ಶುಕ್ರವಾರ ರಾತ್ರಿಯ ಕೋಯಂಬೇಡು ಬಸ್ಸು, ಊರಲ್ಲಿ ಅಪ್ಪನ ಬಿಪಿ ಮಾತ್ರೆ. ನೋಟಿಸ್ ಪೀರಿಯಡ್ ಬಗ್ಗೆ ಒಂದು ಕನ್ನಡ ಹಾಡು ತೋರಿಸಿ, ಬ್ಯಾಂಡ್ ಹಾಡು, ಮೀಮ್ ಅಲ್ಲ. ಇಷ್ಟು ಲಕ್ಷ ಜನ ಬದುಕುತ್ತಿರೋ ಬದುಕು ಇದು. ಹಾಡಿನಲ್ಲಿ ಮಾತ್ರ ನಾವು ಇನ್ನೂ ಹೆಂಚಿನ ಮನೆಯಲ್ಲೇ ಇದ್ದೀವಿ.

ಕನ್ನಡದಲ್ಲಿ ಹೊಸ ಪದ ಕಟ್ಟಿ ಸಿನಿಮಾದ ಹೊರಗೆ ಹಾಡೋ ಸಂಪ್ರದಾಯ ಇರಲಿಲ್ಲವಾ? ಚೆನ್ನಾಗೇ ಇತ್ತು. ರಾಕ್ ಅಭಿಮಾನಿಗಳು ಇದನ್ನ ಮರೀತಾರೆ, ಯಾಕಂದ್ರೆ ಅದರಲ್ಲಿ ಡಿಸ್ಟಾರ್ಷನ್ ಇಲ್ಲ, ಹಾರ್ಮೋನಿಯಂ ಇದೆ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ "ನಿತ್ಯೋತ್ಸವ" ಕ್ಯಾಸೆಟ್ ಬಂತು. ನಿಸಾರ್ ಆಗ ಬದುಕಿದ್ದ ಕವಿ, ಕಾಲೇಜಲ್ಲಿ ಭೂವಿಜ್ಞಾನ ಹೇಳುತ್ತಿದ್ದವರು. ಅಶ್ವಥ್ ಕೂಡ ಶರೀಫರ ಜೊತೆಗೇ ಜಿ.ಎಸ್. ಶಿವರುದ್ರಪ್ಪ, ಲಕ್ಷ್ಮೀನಾರಾಯಣ ಭಟ್ಟ, ಎಚ್.ಎಸ್. ವೆಂಕಟೇಶಮೂರ್ತಿ ಇವರ ಪದ ಹಾಡಿದರು. ಕವಿ ಫೋನಿನ ದೂರದಲ್ಲಿದ್ದ, ಬರೆದು ಕೊಡ್ತಿದ್ದ. ಬಿ.ಆರ್. ಲಕ್ಷ್ಮಣರಾವ್ ಬಾರಿನಲ್ಲಿ ಕೂತ ಪೋಲಿ ಗೆಳೆಯರ ಮೇಲೆ ಕವಿತೆ ಬರೆದರು. ಸುಗಮ ಸಂಗೀತ ಅಂತ ನಾವು ಸೋಫಾ ಕವರ್ ಹಾಕಿ ಇಟ್ಟಿರೋದು ತನ್ನ ಕಾಲಕ್ಕೆ ಪಕ್ಕಾ ಇಂಡಿಪೆಂಡೆಂಟ್ ಮ್ಯೂಸಿಕ್.

ಇನ್ನೊಂದು ದಾರಿ ಇನ್ನೂ ಮುಖ್ಯ. ಸಿದ್ದಲಿಂಗಯ್ಯ. ಮಾಗಡಿ ಸೀಮೆಯಿಂದ ಬಂದು ಬೆಂಗಳೂರಿನ ಶ್ರೀರಾಮಪುರದಲ್ಲಿ ಬೆಳೆದ ಹುಡುಗ 1975ರಲ್ಲಿ "ಹೊಲೆಮಾದಿಗರ ಹಾಡು" ತಂದರು. ಹೆಸರಲ್ಲೇ ಹಾಡು ಅಂತ ಇದೆ. ಸ್ವಾತಂತ್ರ್ಯ ಯಾರ ಮನೆಗೆ ಬಂತು ಅಂತ ಅವರು ಕೇಳಿದ ಹಾಡನ್ನ ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ, ಊರೂರ ಜಾಥಾಗಳಲ್ಲಿ ತಮಟೆ ಹಿಡಿದು ಹಾಡಿದರು. ಮೈಸೂರಿನ ಜನ್ನಿ, ಕೋಲಾರದ ಪಿಚ್ಚಳ್ಳಿ ಶ್ರೀನಿವಾಸ್ ಇಂಥವರ ದನಿಯಲ್ಲಿ ಒಂದು ಪೀಳಿಗೆ ಕೇಳಿಸಿಕೊಂಡಿದೆ. ಕಾಸ್ಟ್‌ಲೆಸ್ ಕಲೆಕ್ಟಿವ್‌ಗಿಂತ ನಲವತ್ತು ವರ್ಷ ಮೊದಲಿನ ಮಾತು ಇದು. ತಮಟೆಗಿಂತ ದೊಡ್ಡ ರಾಕ್ ವಾದ್ಯ ನಮ್ಮಲ್ಲಿ ಯಾವುದಿದೆ ಹೇಳಿ. ಆದರೂ ಬೆಂಗಳೂರಿನ ಬ್ಯಾಂಡ್‌ಗಳು ಹಳೇ ಪದಕ್ಕೆ ಕೈ ಹಾಕಿದಾಗ ಶರೀಫರ ಹತ್ರ ಹೋದವು, ಪುರಂದರದಾಸರ ಹತ್ರ ಹೋದವು, ವಚನಗಳ ಹತ್ರ ಹೋದವು. ಆರೇಳು ಕಿಲೋಮೀಟರ್ ದೂರದ ಶ್ರೀರಾಮಪುರಕ್ಕೆ ಹೋಗಲಿಲ್ಲ. ಸತ್ತು ನೂರು ವರ್ಷ ಆದ ಸಂತ ಯಾರನ್ನೂ ಇರಿಯೋದಿಲ್ಲ, ಸ್ಪಾನ್ಸರನ್ನಂತೂ ಇರಿಯೋದೇ ಇಲ್ಲ. ಕಾರಣ ಇಷ್ಟೇ ಅಂತ ನನ್ನ ಅನಿಸಿಕೆ.

ಈಗ ನೀವು ಹೇಳಬಹುದು, ಹೊಸದೇನೂ ಇಲ್ಲ ಅನ್ನೋದು ಸುಳ್ಳು ಅಂತ. ಸರಿ, ಇದೆ. ಅದರಲ್ಲಿ ಒಳ್ಳೇದು ಬಹಳಷ್ಟು ಸಿನಿಮಾ ಒಳಗೇ ಸೇರಿಕೊಂಡಿದೆ ಅನ್ನೋದು ತಮಾಷೆ. 2013ರ "ಲೂಸಿಯಾ" ಜನರಿಂದ ದುಡ್ಡು ಕೂಡಿಸಿ ಮಾಡಿದ ಸಿನಿಮಾ, ಪೂರ್ಣಚಂದ್ರ ತೇಜಸ್ವಿ ಸಂಗೀತ, ಹಾಡುಗಳ ಭಾಷೆ ನಾವು ನೀವು ಆಡೋ ಭಾಷೆ. 2018ರ "ಟಗರು"ವಿನಲ್ಲಿ ಚರಣ್ ರಾಜ್ ಮಾಡಿದ್ದು ಯಾವ ಇಂಡಿ ಬ್ಯಾಂಡಿಗೂ ಕಡಿಮೆ ಇಲ್ಲ. ಅದೇ ವರ್ಷದ "ನಾತಿಚರಾಮಿ"ಯಲ್ಲಿ ಬಿಂದುಮಾಲಿನಿ ಹಾಡಿದ "ಮಾಯಾವಿ ಮನವೇ" ಹಾಡಿಗೆ ಗಾಯನ, ಸಾಹಿತ್ಯ ಎರಡಕ್ಕೂ ರಾಷ್ಟ್ರಪ್ರಶಸ್ತಿ ಬಂತು. ಗಂಡನನ್ನ ಕಳಕೊಂಡ ಹೆಂಗಸಿನ ಆಸೆಯ ಬಗ್ಗೆ ಕನ್ನಡದಲ್ಲಿ ಹೊಸ ಪದ. ಸಿನಿಮಾ ಮತ್ತು ಬ್ಯಾಂಡ್ ನಡುವೆ ಕಿತ್ತಾಟವೂ ಆಗಿದೆ. 2022ರಲ್ಲಿ "ಕಾಂತಾರ"ದ ವರಾಹ ರೂಪಂ ತಮ್ಮ "ನವರಸಂ" ಥರ ಇದೆ ಅಂತ ಕೇರಳದ ಥೈಕ್ಕುಡಂ ಬ್ರಿಡ್ಜ್ ಕೋರ್ಟಿಗೆ ಹೋಯ್ತು, ಸ್ವಲ್ಪ ದಿನ ಒಟಿಟಿಯಲ್ಲಿ ಬೇರೆ ಟ್ಯೂನೇ ಓಡ್ತು. ನಮ್ಮ ಊರಿನವರು ಆಗ ಮೊದಲ ಸಲ ಆ ಬ್ಯಾಂಡಿನ ಹೆಸರು ಕೇಳಿದ್ದು.

ಹಿಪ್‌ಹಾಪ್‌ನಲ್ಲಿ ಕನ್ನಡ ಇನ್ನೂ ಗಟ್ಟಿಯಾಗಿದೆ. ಚಂದನ್ ಶೆಟ್ಟಿಯ ಪಾರ್ಟಿ ಹಾಡು ನನಗೆ ಇಷ್ಟ ಇಲ್ಲ, ಆದರೆ ಕನ್ನಡ ರ‍್ಯಾಪ್ ಅಂದ್ರೆ ನಗೋ ಕಾಲ ಅಲ್ಲಿಗೆ ಮುಗೀತು ಅನ್ನೋದು ನಿಜ. ಆಲ್ ಓಕೆ ಅಂದ್ರೆ ಅಲೋಕ್ ಬಾಬು, ಸಿನಿಮಾ ಹಂಗಿಲ್ಲದೆ ಯೂಟ್ಯೂಬಲ್ಲೇ ತನ್ನ ಕೇಳುಗರನ್ನ ಕಟ್ಟಿಕೊಂಡವರು. ಮಧ್ಯಮ ವರ್ಗದ ಹುಡುಗನ ಇಎಂಐ ಚಿಂತೆಗೆ ಹತ್ತಿರದ ಪದ ಸದ್ಯಕ್ಕೆ ಗಿಟಾರಿನವರಿಗಿಂತ ರ‍್ಯಾಪಿನವರ ಹತ್ರ ಜಾಸ್ತಿ. ಇನ್ನು ಬೆಂಗಳೂರಿಂದ ಹೊರಟು 2024ರಲ್ಲಿ ಜಗತ್ತನ್ನೇ ಕುಣಿಸಿದ ಹನುಮಾನ್‌ಕೈಂಡ್ ಇದ್ದಾರೆ. ಮಲಯಾಳಿ, ಹಾಡು ಇಂಗ್ಲಿಷು. ಮತ್ತೆ ಅದೇ ಕಥೆ, ಊರು ಮಾತ್ರ ನಮ್ಮದು.

ಇದರಲ್ಲಿ ಕೇಳುಗರ ಪಾಲೂ ಇದೆ, ಅಂದ್ರೆ ನಮ್ಮ ಪಾಲು. ಪರ ಊರಲ್ಲಿರೋ ಕನ್ನಡಿಗರು ವರ್ಷಕ್ಕೊಂದು ಸಲ ಸೇರ್ತೀವಿ, ರಾಜ್ಯೋತ್ಸವ. ಚೆನ್ನೈ ಆಗಲಿ, ಪುಣೆ ಆಗಲಿ, ನ್ಯೂಜೆರ್ಸಿ ಆಗಲಿ. ಪ್ಲೇಲಿಸ್ಟ್ ಬಾಯಿಪಾಠ: "ಆಕಸ್ಮಿಕ" ಚಿತ್ರದ ಆ ಹಾಡು, ಒಂದು ಶರೀಫರ ಪದ, ಒಂದು ಭಾವಗೀತೆ, ಕೊನೆಗೆ ಡ್ಯಾನ್ಸ್ ನಂಬರ್. ಬಜೆಟ್ ಇದ್ದರೆ ಬೆಂಗಳೂರಿಂದ ಪ್ಲೇಬ್ಯಾಕ್ ಸಿಂಗರ್ ಬರ್ತಾರೆ. ಊರಿಂದ ದೂರ ಇರೋರಿಗೆ ಗೊತ್ತಿರೋ ಹಾಡೇ ಬೇಕು, ಅದು ನನಗೂ ಅರ್ಥ ಆಗುತ್ತೆ, ನವೆಂಬರ್ ಒಂದರಂದು ನನಗೂ ಅದೇ ಬೇಕು. ಆದರೆ ಒಂದು ಬ್ಯಾಂಡು ಆ ಸ್ಟೇಜ್ ಮೇಲೆ ನಿಂತು ತನ್ನ ಹೊಸ ಹಾಡು ಶುರು ಮಾಡಿದ ಕೂಡಲೇ ಜನ ಊಟದ ಲೈನಿಗೆ ಹೋದರೆ, ಮುಂದಿನ ಸಲ ಆ ಬ್ಯಾಂಡು ಏನು ಹಾಡುತ್ತೆ? ಗುಡಗುಡಿ ಹಾಡುತ್ತೆ. ಹಾಡಲೇಬೇಕು, ಪೆಟ್ರೋಲ್ ಖರ್ಚು ಬರಬೇಕಲ್ಲ.

ಹಳೇ ಮದ್ರಾಸಿಗೆ ಇದರಲ್ಲಿ ಒಂದು ಪಾತ್ರ ಇತ್ತು ಅನ್ನೋದನ್ನೂ ಹೇಳಿಬಿಡ್ತೀನಿ. ಕನ್ನಡ ಸಿನಿಮಾ ಹಾಡುಗಳು ದಶಕಗಟ್ಟಲೆ ರೆಕಾರ್ಡ್ ಆಗಿದ್ದು ಇದೇ ಊರಲ್ಲಿ. ಜಿ.ಕೆ. ವೆಂಕಟೇಶ್ ಕನ್ನಡಕ್ಕೆ ರಾಗ ಹಾಕ್ತಾ ಇದ್ದಾಗ ಅಸಿಸ್ಟೆಂಟ್ ಆಗಿ ಪಕ್ಕದಲ್ಲಿದ್ದ ಹುಡುಗ ಇಳಯರಾಜ. ಕನ್ನಡ ಹಾಡು ಚೆನ್ನೈನಲ್ಲಿ ಕೂತು ಹೊಸದಾಗಿ ಹುಟ್ಟಿದ್ದು ಮೊದಲೂ ಆಗಿದೆ ಅಂತ ಹೇಳೋಕೆ ಇದನ್ನ ತಂದೆ.

ಪ್ರಶ್ನೆಗಳಿಗೆ ಹೋಗೋಣ.

ಒಬ್ಬರು ಕೇಳಿದ್ದಾರೆ: "ಬ್ಯಾಂಡ್‌ನವರಿಗೆ ಹಾಡು ಬರೆಯೋ ಕವಿ ಎಲ್ಲಿ ಸಿಗ್ತಾರೆ? ಎಲ್ಲರೂ ಸಿನಿಮಾಕ್ಕೇ ಬರೀತಾರೆ."

ಅವಿಯಲ್, ಕಾಸ್ಟ್‌ಲೆಸ್ ಎರಡರಲ್ಲೂ ಹಾಡುವವರು ಬಹಳ ಕಡೆ ತಾವೇ ಬರೆದಿದ್ದಾರೆ, ಇಲ್ಲವೇ ಪಕ್ಕದವರೇ ಬರೆದಿದ್ದಾರೆ. ಗಾನಾ ಹಾಡುಗಾರ ಸಾವಿನ ಮನೆಯಲ್ಲಿ ಕೂತ ಜಾಗದಲ್ಲೇ ಕಟ್ತಾನೆ. ನಮ್ಮಲ್ಲೂ ಲಾವಣಿಯವರು, ಗೀಗೀ ಪದದವರು ಹಾಗೇ ಕಟ್ತಿದ್ದರು. ಕನ್ನಡದಲ್ಲಿ ಈಗ ಫೇಸ್‌ಬುಕ್ ತುಂಬಾ ಒಳ್ಳೇ ಹೊಸ ಕವಿಗಳಿದ್ದಾರೆ, ಅರ್ಧ ಜನ ನಮ್ಮದೇ ಫೀಲ್ಡು. ಒಬ್ಬ ಗಿಟಾರಿಸ್ಟ್ ಮತ್ತು ಒಬ್ಬ ಕವಿ ಒಂದೇ ಕ್ಯಾಂಟೀನಲ್ಲಿ ಊಟ ಮಾಡ್ತಿರಬಹುದು, ಪರಿಚಯ ಆಗಿಲ್ಲ ಅಷ್ಟೇ.

ಇನ್ನೊಬ್ಬರು: "ಇಷ್ಟೆಲ್ಲ ಹೇಳಿದ್ರಿ. ಕೊನೆಗೆ ನಿಮ್ಮ ಫೇವರಿಟ್ ಆಲ್ಬಮ್ ಯಾವುದು?"

ಕನ್ನಡದಲ್ಲಿ ಅಂದ್ರೆ ಈಗಲೂ 2008ರ ರಘು ಆಲ್ಬಮ್ಮೇ. ಬೈದದ್ದೆಲ್ಲ ಅದನ್ನ ಲೆಕ್ಕ ಇಲ್ಲದಷ್ಟು ಸಲ ಕೇಳಿದ ಹಕ್ಕಿನಿಂದ. ಕೇಳೋರು ಷಫಲ್ ಆಫ್ ಮಾಡಿ ಕೇಳಿ, ಮಾಳಿಗೆ ಹಾಡನ್ನ ಹೆಡ್‌ಫೋನ್ ಹಾಕಿಕೊಂಡು ರಾತ್ರಿ ಕೇಳಿ, ಜಿಮ್‌ನಲ್ಲಿ ಬೇಡ. ಅದಾದ ಮೇಲೆ ಅಶ್ವಥ್ ಹಾಡಿದ್ದನ್ನೂ ಒಮ್ಮೆ ಹಾಕಿ. ಆಮೇಲೆ ತಮಿಳು ಬಂದರೂ ಬಾರದಿದ್ದರೂ ಕಾಸ್ಟ್‌ಲೆಸ್‌ನ ಮೀಸಲಾತಿ ಹಾಡು. ಮೂರನ್ನೂ ಒಂದೇ ಕೂತಲ್ಲಿ. ಬರೋ ಭಾನುವಾರ ನಾವು ಐದಾರು ಜನ ಇಲ್ಲಿ ಹಾಲಿನ ಕಾಲೊನಿ ಹತ್ರ ಒಬ್ಬರ ಮನೆ ಟೆರೇಸಲ್ಲಿ ಸೇರ್ತಿದ್ದೀವಿ. ಗಿಟಾರ್ ಒಂದಿದೆ, ತಮಟೆ ಕೋಲಾರದಿಂದ ಬರ್ತಾ ಇದೆ. ಪದ ಬರೆದಿರೋರು ಬನ್ನಿ.